ನನ್ನ ತಂಗಿಯ ಉಸಿರಿನ ಬಗ್ಗೆ ನಿಮ್ಮ ಸಮಿತಿ ಬರೆದ ಒಂದು ಸಾಲು

ಸಸ್ಯರೋಗ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ತಂಗಿಯ ಸಾವಿಗೂ ನಿಮ್ಮ ಕೇಂದ್ರಕ್ಕೂ ಸಂಬಂಧವಿಲ್ಲವಂತೆ. 'ಮೃತರ ಶ್ವಾಸಕೋಶದ ಕಾಯಿಲೆಗೆ ಬಾಲ್ಯದಲ್ಲಿ ಸೇವಿಸಿದ ಸೌದೆ ಒಲೆಯ ಹೊಗೆಯೇ ಕಾರಣ' ಎಂದು ನಿಮ್ಮ ವಿಚಾರಣಾ ಸಮಿತಿ ಬರೆದಿದೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಕಾಗುಣಿತ ಒಂದೂ ತಪ್ಪಿಲ್ಲದ ಇಷ್ಟು ದೊಡ್ಡ ತಪ್ಪನ್ನು ಇಪ್ಪತ್ತಾರು ವರ್ಷಗಳಲ್ಲಿ ನಾನು ಕಂಡಿರಲಿಲ್ಲ.

ಅವಳು ಹನ್ನೊಂದು ವರ್ಷ ನಿಮ್ಮ ಗಾಜುಮನೆಯಲ್ಲಿ ದುಡಿದಳು. ಟೊಮೆಟೊ ಗಿಡಗಳ ಮೇಲೆ ಬೂಷ್ಟಿನ ಪುಡಿ ಉದುರಿಸಿ, ಯಾವುದು ಬಾಡುತ್ತದೆ, ಯಾವುದು ತಾಳಿಕೊಳ್ಳುತ್ತದೆ ಎಂದು ಎಲೆ ಎಲೆ ತಿರುವಿ ಬರೆದುಕೊಳ್ಳುವ ಕೆಲಸ. ಸಂಜೆ ಅಡುಗೆಮನೆಯಲ್ಲಿ ನನಗೆ ಪಾಠ. "ಅಣ್ಣಾ, ಗಿಡಕ್ಕೆ ಓಡಿಹೋಗೋಕಾಗಲ್ಲ ನೋಡು. ರೋಗ ತಗುಲಿದ ಜಾಗದ ಸುತ್ತ ತನ್ನ ಜೀವಕಣಗಳನ್ನ ತಾನೇ ಸಾಯಿಸ್ಕೊಂಡುಬಿಡುತ್ತೆ. ರೋಗಕ್ಕೆ ಮುಂದೆ ಹೋಗೋಕೆ ದಾರಿನೇ ಇರಲ್ಲ!"

"ನಿನಗೆ ಎರಡು ಕಾಲಿದೆಯಲ್ಲ, ಓಡಿ ಬಾ ಮಾರಾಯ್ತಿ. ಆ ಕೆಮ್ಮು ಕೇಳೋಕಾಗ್ತಿಲ್ಲ" ಎಂದೆ ಒಂದು ದಿನ.

"ಹದಿನೇಳನೇ ಸಾಲಿನ ಗಿಡಗಳು ರೋಗಾನ ಗೆಲ್ತಾ ಇವೆ. ಈಗ ಬಿಡೋದಾ?"

ಗಾಜುಮನೆಯ ಗಾಳಿ ಹೊರಹಾಕುವ ಫ್ಯಾನು ಕೆಟ್ಟು ಆಗಲೇ ಎರಡು ವರ್ಷವಾಗಿತ್ತು. ಅವಳು ಮೂರು ಅರ್ಜಿ ಕೊಟ್ಟಳು. ಮೂರನ್ನೂ ತಿದ್ದಿಕೊಟ್ಟವನು ನಾನೇ. 'ದಯವಿಟ್ಟು' ಎಂಬುದನ್ನು ಎರಡು ಕಡೆ ಸೇರಿಸಿದವನೂ ನಾನೇ. ಅಷ್ಟು ವಿನಯ ಯಾಕೆ ಬೇಕಿತ್ತೋ!

ಶ್ವಾಸಕೋಶ ಗಟ್ಟಿಯಾಗಿದೆ, ದಿನವೂ ಬೂಷ್ಟು ಒಳಗೆ ಹೋದರೆ ಹೀಗಾಗುತ್ತದೆ ಎಂದರು ವೈದ್ಯರು. ಆಮೇಲೆ ನಿಮ್ಮ ಸಮಿತಿ ನಮೂನೆ ಹಿಡಿದು ಆಸ್ಪತ್ರೆಗೆ ಬಂತು. ಬೀಡಿ, ಸಿಗರೇಟು? ಇಲ್ಲ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ? ಇಲ್ಲ. ಚಿಕ್ಕಂದಿನಲ್ಲಿ ಸೌದೆ ಒಲೆ? ಅವಳು ಆಮ್ಲಜನಕದ ಮುಖವಾಡ ಸರಿಸಿ, "ಹೌದು ಸಾರ್, ಅಮ್ಮನ ಪಕ್ಕ ಕೂತು ಊದ್ತಿದ್ದೆ" ಎಂದಳು. ಅಮ್ಮನ ನೆನಪಾಗಿ ನಕ್ಕಳು ಕೂಡ. ನಿಮ್ಮ ಸಮಿತಿಯವರು ಬರೆದುಕೊಂಡರು. ಫ್ಯಾನಿನ ಬಗ್ಗೆ ನಿಮ್ಮ ನಮೂನೆಯಲ್ಲಿ ಪ್ರಶ್ನೆಯೇ ಇರಲಿಲ್ಲ.

ಸ್ವಾಮಿ, ಹೊಗೆ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಅದೂ ಅವಳನ್ನು ಒಂದಿಷ್ಟು ಸವೆಸಿರಬಹುದು. ಹಾಗಿದ್ದರೆ ಮೊದಲೇ ಸವೆದ ಜೀವವನ್ನು ಇನ್ನಷ್ಟು ಜೋಪಾನ ಮಾಡಬೇಕಿತ್ತಲ್ಲವೇ? ಅದೇ ಒಲೆಯ ಮುಂದೆ ಕೂತು ಬೆಳೆದ ನಾನು ಇನ್ನೂ ಮೂರು ಮಹಡಿ ಹತ್ತುತ್ತೇನೆ. ಹನ್ನೊಂದು ವರ್ಷದ ಬೂಷ್ಟು ನಿಮ್ಮ ಕಣ್ಣಿಗೆ ಬೀಳದೆ, ಮೂವತ್ತು ವರ್ಷದ ಹಿಂದಿನ ಹೊಗೆ ಹೇಗೆ ಬಿತ್ತು?

ಹದಿನೇಳನೇ ಸಾಲು ಗೆದ್ದಿತು. ಹೊಸ ತಳಿಯ ಬಿಡುಗಡೆಗೆ ಅತಿಥಿಗಳು ಬಂದರು. ಅವರಿಗೆ ಸೆಕೆಯಾಗಬಾರದೆಂದು ಹಿಂದಿನ ದಿನವೇ ಫ್ಯಾನು ರಿಪೇರಿಯಾಯಿತು. ಅರ್ಧ ದಿನದ ಕೆಲಸವಂತೆ. ಸುದ್ದಿ ಹೇಳಿದಾಗ ತಂಗಿ ಕೇಳಿದ್ದು ಒಂದೇ: "ಗಿಡ ಚೆನ್ನಾಗಿ ಕಾಣ್ತಿತ್ತಾ?" ನಾನು ನೋಡಿರಲಿಲ್ಲ. ಆದರೂ ಚೆನ್ನಾಗಿತ್ತು ಎಂದೆ. ಇಪ್ಪತ್ತು ದಿನಕ್ಕೆ ಹೋಗಿಬಿಟ್ಟಳು.

ಪರಿಹಾರ ಕೇಳುತ್ತಿಲ್ಲ. ವರದಿಯ ಆ ಸಾಲು ಹೊಡೆದುಹಾಕಿ, ಅವಳ ಮೂರು ಅರ್ಜಿಗಳನ್ನು ಅದಕ್ಕೆ ಲಗತ್ತಿಸಿ. ಅವಳ ಜಾಗಕ್ಕೆ ಬಂದಿರುವ ಹೆಣ್ಣುಮಗಳು ಮೊನ್ನೆ ಮನೆಗೆ ಬಂದಿದ್ದರು. ಅತಿಥಿಗಳು ಹೋದ ವಾರದಲ್ಲೇ ಫ್ಯಾನು ಮತ್ತೆ ನಿಂತಿದೆಯಂತೆ. ಅರ್ಜಿ ಬರೆದುಕೊಡಿ ಎಂದು ಕೇಳಿದರು. ಈ ಸಲ 'ದಯವಿಟ್ಟು' ಹಾಕಿಲ್ಲ.

ಇಂತಿ,
ನಿನ್ನೆಮೊನ್ನೆಯವರೆಗೆ ಒಬ್ಬಳಿಗೆ ಅಣ್ಣನಾಗಿದ್ದವನು