ಸೋಪಿನ ಡಬ್ಬಿಯ ಮೂತಿಹುಳ

“ನನ್ನ ಸೋಪಿನ ಡಬ್ಬೀಲಿ ಇದ್ಯಾರಪ್ಪಾ ಕೂತಿರೋದು?” ಎಂದು ಬೆಳಿಗ್ಗೆ ಬಚ್ಚಲಲ್ಲಿ ಒಬ್ಬಳೇ ನಿಂತು ಕೇಳಿದೆ. ಬಗ್ಗಿ ನೋಡಿದರೆ ನಿನ್ನ ಮೂತಿಹುಳ!

ತಮ್ಮಾ, ನಾನು ಪದ್ಯವಾಚನ ಕೇಳಲು ಹೊರಟೆ. ನಿನ್ನ ಲ್ಯಾಬಿಗೆ ಬಣ್ಣ ಹೊಡೀತಿದ್ದಾರೆಂದು ನೀನು ಮನೆಗೆ ಹೊತ್ತು ತಂದ ಹುಳದ ಬಕೆಟ್ಟಿಗೆ ಕೆರೆಯ ಕಳೆ ಅಂತರಗಂಗೆಯ ಹೊಸ ಎಲೆ ಹಾಕಿದ್ದೇನೆ. ಮೇಲೆ ಸೊಳ್ಳೆಪರದೆ ಬಿಗಿದಿದೆ; ಬಿಚ್ಚಿದರೆ ಮತ್ತೆ ಕಟ್ಟು. ಬಚ್ಚಲು ನೀನೇ ತೊಳಿ.

ನಿನ್ನೆ ಪಾಪವೆನಿಸಿ ಪಾಲಕ್ ಸೊಪ್ಪು ಹಾಕಿದ್ದೆ. ಒಂದಾದರೂ ಮೂಸಿ ನೋಡಬೇಕಲ್ಲ! ಹಸಿದು ಸತ್ತರೂ ಆ ಕಳೆಯೊಂದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲವಂತೆ. ನನ್ನ ಉಪವಾಸಗಳೂ ಇಷ್ಟು ಗಟ್ಟಿಯಲ್ಲ. ನಾಳೆ ಇವನ್ನು ಕೆರೆಗೆ ಬಿಟ್ಟಾಗ ಕಳೆಯನ್ನೆಲ್ಲ ಮೇಯಲಿ, ಕಟ್ಟಿಕೊಂಡಿರುವ ಕಾಲುವೆ ಬಿಟ್ಟುಕೊಳ್ಳಲಿ, ಕೆಳಗಿನ ಗದ್ದೆಗಳಿಗೆ ನೀರು ಹರಿಯಲಿ ಎಂದು ದೇವರಿಗೆ ಹೇಳಿಕೊಂಡಿದ್ದೇನೆ. ನಿನಗೋಸ್ಕರವಲ್ಲ, ಗದ್ದೆಯವರಿಗೋಸ್ಕರ.

ಇನ್ನು ಸೋಪಿನ ಡಬ್ಬಿಯವನ ವಿಷಯ. ನಾನು ಬರೆದ ಪದ್ಯ ಓದಲು ಶುರು ಮಾಡಿದ ಕೂಡಲೇ ಕಾಲು ಮಡಚಿ ಅಲುಗಾಡದೆ ಬಿದ್ದುಕೊಳ್ಳುತ್ತಾನೆ. “ಹೆದರ್ಕೊಂಡು ಸತ್ತ ಹಾಗೆ ನಾಟಕ ಆಡ್ತಾನೆ ಕಣೇ ಅಕ್ಕಾ” ಎಂದು ನೀನು ಫೋನಿನಲ್ಲಿ ಬಿದ್ದು ಬಿದ್ದು ನಕ್ಕೆ. ನಗಪ್ಪ, ನಗು. ಅಜ್ಜನ ಕಾಲದಿಂದ ಈ ಮನೆಯಲ್ಲಿ ಎಲ್ಲರ ಪದ್ಯವನ್ನೂ ಬಾಯಿ ಬಿಡದೆ ಕೇಳಿದವಳು ನಾನು. ನಾನು ಬಾಯಿ ತೆರೆದರೆ ನೀನು ಎರಡನೇ ಸಾಲಿಗೇ ಚಪ್ಪಲಿ ಹುಡುಕುತ್ತೀಯ. ಕೊನೆಯ ಸಾಲಿನವರೆಗೂ ಜಾಗ ಬಿಟ್ಟು ಕದಲದವನು ಇವನೊಬ್ಬನೇ.

ಅವನಿಗೂ ಒಂದು ಎಲೆ ಇಟ್ಟಿದ್ದೇನೆ. ಬರುವಾಗ ನನಗೊಂದು ಹೊಸ ಸೋಪಿನ ಡಬ್ಬಿ ತಾ. ನಾಳೆಗೆ ಅವನನ್ನೂ ಬಕೆಟ್ಟಿಗೆ ಸೇರಿಸು ಎಂದೆಯಲ್ಲ, ಸೇರಿಸುವುದಿಲ್ಲ.