ಮರಕ್ಕೆ ಹೇಳಿ ಬಂದ ಮಾತು

ಅಕ್ಕಾ,

ರಾಮಾಪುರದಿಂದಾಚೆ ನಾನಿರೋ ಕಡೆ ನೆಟ್‌ವರ್ಕ್ ಸಿಗಲ್ಲ, ಅದಕ್ಕೇ ಕಾರ್ಡು. ಕಾಡಂಚಿನ ಮರಗಳಿಗೆ ರೆಕಾರ್ಡರ್ ಪೆಟ್ಟಿಗೆ ಕಟ್ಟಿ, ಯಾವ ಹಕ್ಕಿ ಎಲ್ಲಿ ಕೂಗುತ್ತೆ ಅಂತ ಕೇಳಿಸಿಕೊಳ್ಳೋದೇ ನನ್ನ ಪಿಎಚ್‌ಡಿ. ಇಡೀ ದಿನ ಮಾತಿಗೆ ಒಬ್ಬರೂ ಇಲ್ಲ.

ನಿನ್ನೆ ಒಂದು ಪೆಟ್ಟಿಗೆ ಬಿಚ್ಚಿ ತಂದು ರೆಕಾರ್ಡಿಂಗ್ ಹಾಕಿದರೆ, ಮೊದಲು ಕೇಳಿಸಿದ್ದು ನನ್ನದೇ ದನಿ: "ಹೋಗ್ಬರ್ತೀನಿ." ಮನೆ ಬಿಡುವಾಗ ನಿಮಗೆ ಹೇಳೋ ಹಾಗೆ ಮರಕ್ಕೆ ಹೇಳಿ ಬಂದಿದೀನಿ, ನನಗೇ ಗೊತ್ತಿಲ್ಲ ನೋಡು! ನಾನು ಅಲ್ಲಿಂದ ಹೋದಮೇಲೆ ಮೇಕೆ ಗಂಟೆಗಳ ಸದ್ದು. ಆಮೇಲೆ ಯಾರೋ ಮುದುಕಿ: "ಓಗ್ಬುಟ್ಟು ಬಾ ಕಣವ್ವ. ನೀನ್ ಬರಗಂಟ ಇದ್ನ ನಾನ್ ನೋಡ್ಕತೀನಿ." ಆಕೆಯನ್ನ ನಾನು ಕಂಡೇ ಇಲ್ಲ; ಅಲ್ಲೇ ಎಲ್ಲೋ ಮೇಕೆ ಮೇಯಿಸ್ತಾ ನನ್ನ ಮಾತು ಕೇಳಿಸಿಕೊಂಡಿರಬೇಕು.

ಶೀತ ವಾಸಿಯಾಗಿದೆ, ಮಾತ್ರೆ ಕಳಿಸಬೇಡ. ಟಪಾಲು ಹೊರಡೋ ಹೊತ್ತಾಯ್ತು, ಬೇಗ ಮುಗಿಸ್ತೀನಿ.

ಮನುಷ್ಯರ ದನಿ ಬಿದ್ದಿದ್ದರೆ ಅಳಿಸಲೇಬೇಕು ಅಂತ ನಮ್ಮ ಗೈಡ್ ಹೇಳಿದಾರೆ. ರಾತ್ರಿ ನನ್ನದನ್ನ ಅಳಿಸಿದೆ. ಆ ಅಜ್ಜಿಯದ್ದನ್ನ ಹಾಕ್ಕೊಂಡು ಊಟಕ್ಕೆ ಕೂತೆ.

ಭಾನು