ಗೋರಂಟಿಯ ಮೇಲೆ ಹೊಂಬಣ್ಣ

ಮೆಕ್ನೆಸ್, ಮಂಗಳವಾರ

ಮಾನ್ಯ ಲಲ್ಲಾ ಗೀಥಾ ಅವರಿಗೆ,

ನನ್ನ ಕೂದಲು ಹಸಿರಾಗಿದೆ. ಮೊದಲು ಗುರುತಿಸಿದವರು ಪಕ್ಕದ ಮನೆಯ ಹಾದ್ದಾ ಚಿಕ್ಕಮ್ಮ, ನಿನ್ನೆ ತಾರಸಿಯ ಬಿಸಿಲಿನಲ್ಲಿ. "ಏನೇ ಹುಡುಗಿ, ತಲೆ ಮೇಲೆ ಪುದೀನ ಬೆಳೆಸಿದ್ದೀಯಾ? ಚಹಾಕ್ಕೆ ನಾಲ್ಕೆಲೆ ಕಿತ್ಕೊಳ್ಲಾ?" ಎಂದರು.

ಶನಿವಾರದ ಮದುವೆಗೆ ನಿಮ್ಮ ಸೊಸೆ ಹೊಂಗೂದಲಿನವಳಾಗಿರಬೇಕೆಂದು ಪಾರ್ಲರಿನವಳನ್ನು ಕರೆತಂದವರು ನೀವು. ನನ್ನ ತಲೆಯಲ್ಲಿ ಗೋರಂಟಿಯ ಜೊತೆ ಕಪ್ಪಾಗಲೆಂದು ಹಚ್ಚಿದ ನೀಲಿ ಸೊಪ್ಪಿನ ಪುಡಿಯೂ ಇದೆ, ಅದರ ಮೇಲೆ ಬ್ಲೀಚ್ ಹಾಕಿದರೆ ಹಸಿರಾಗುತ್ತದೆ, ಬೇಡ ಎಂದು ನಾನು ಹೇಳಿದೆ. "ಗೋರಂಟಿ ಹಳ್ಳಿಯವರ ಗೀಳು, ಸುಮ್ನೆ ಕೂತ್ಕೋ" ಎಂದಿರಿ. ಎರಡು ಸಲ ಪ್ಯಾರಿಸ್ ನೋಡಿ ಬಂದವರಿಗೆ ತಿಳಿದಿರಬಹುದು ಎಂದುಕೊಂಡು ಕೂತೆ.

ಈಗ ಇನ್ನೊಮ್ಮೆ ಬ್ಲೀಚ್ ಮಾಡಿಸಬೇಕೆಂದು ನಿಮ್ಮ ಮಗ ಜವಾದ್ ಮೂಲಕ ಹೇಳಿಕಳಿಸಿದ್ದೀರಿ. ಬಾಚಿದರೆ ಕೂದಲು ತುಂಡಾಗಿ ಕೈಗೆ ಬರುತ್ತಿದೆ. ಇನ್ನೊಮ್ಮೆ ಮಾಡಿಸಿದರೆ ಉಳಿಯುವುದು ಬೋಳು ತಲೆ. ಇದನ್ನು ಹೇಳಿದರೆ ಅವನು, "ಅಮ್ಮ ಬೇಜಾರು ಮಾಡ್ಕೋತಾರೆ" ಎನ್ನುತ್ತಾನೆ. ಮದುವೆಯ ವಯಸ್ಸಿಗೆ ಬಂದರೂ ಅವನಿಗೆ ಬೇರೆ ಉತ್ತರ ಬರುವುದಿಲ್ಲ.

ಕಿವಿಯ ಹಿಂದಿನ ಕೂದಲು ಸ್ವಲ್ಪ ಕತ್ತರಿಸಿ ಪರೀಕ್ಷಿಸಿದ್ದೇನೆ. ಬರೀ ಗೋರಂಟಿ ಹಚ್ಚಿ ತೊಳೆದಾಗ ಹಸಿರು ಮುಚ್ಚಿತು, ಆಮೇಲೆ ನೀಲಿ ಪುಡಿ ಹಚ್ಚಿದಾಗ ಕಪ್ಪಾಯಿತು. ತಲೆಗೂ ಅದನ್ನೇ ಮಾಡುತ್ತೇವೆ.

ದಯವಿಟ್ಟು ಪಾರ್ಲರಿನವಳನ್ನು ಕಳಿಸಬೇಡಿ, ನಾವು ಬಾಗಿಲು ತೆಗೆಯುವುದಿಲ್ಲ. ಕಪ್ಪು ಕೂದಲಿನ ಸೊಸೆ ಬೇಡವಾದರೆ ಜವಾದ್ ನಾಳೆಯೊಳಗೆ ಬಂದು ನನ್ನ ತಂದೆಗೆ ತಾನೇ ಹೇಳಲಿ.

ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಅಮ್ಮ ನನ್ನ ತಲೆಗೆ ಗೋರಂಟಿ ಹಚ್ಚುತ್ತಾರೆ.

ಇಂತಿ,
ನಿಮ್ಮ ಮಗನಿಗೆ ನಿಶ್ಚಯವಾಗಿರುವ
ಇಬ್ತಿಸಾಮ್